ಅಭಿನಯದ ಋಣ



ನೃತ್ಯವೆಂದೊಡನೆ ನಮ್ಮಲ್ಲಿ ಹಲವರ ಮನಸ್ಸು ಗೆಜ್ಜೆಯ ನಾದಕ್ಕೂ ತಾಳದ ಚಮತ್ಕಾರಕ್ಕೂ ಹರಿಯುವುದು. ಅದು ನೃತ್ತ, ಅದರ ಸೊಗಸನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ನೃತ್ಯಕ್ಕೆ ಜೀವಕಳೆಯನ್ನು ಕೊಡುವ ಅಂಗವು ಬೇರೊಂದುಂಟು. ಅದೇ ಅಭಿನಯ. ಕಾವ್ಯದ ಅರ್ಥವನ್ನು ನೋಡುವವರ ಎದುರಿಗೆ ತಂದು ನಿಲ್ಲಿಸುವುದೇ ಅದರ ಕಾರ್ಯ.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು 4 ವಿಧವಾಗಿ ವಿಭಾಗಿಸಿರುವುದು. ಕಣ್ಣೊಂದಕ್ಕೇ ಅಲ್ಲಿ 36 ದೃಷ್ಟಿಗಳು: ರಸಕ್ಕೆ 8, ಸ್ಥಾಯಿಗೆ 8, ಸಂಚಾರಿಗೆ 20. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಪತಾಕವೆಂಬ ಒಂದೇ ಹಸ್ತವು ಮೋಡವೂ ಆಗುವುದು, ಕಾಡೂ ಆಗುವುದು, ನದಿಯೂ ಆಗುವುದು, ಇರುಳೂ ಆಗುವುದು. ಹಾಗಾದರೆ ಇಲ್ಲಿರುವುದು ನದಿಯೋ ಇರುಳೋ ಎಂದು ನಮಗೆ ತಿಳಿಯುವುದೆಂತು? ಸಂದರ್ಭದಿಂದ, ಕಣ್ಣಿನಿಂದ, ಮುಖದಲ್ಲಿ ಮೂಡುವ ಭಾವದಿಂದ. ಹಸ್ತವು ಪದವಾದರೆ ಭಾವವು ಅದರ ಅರ್ಥ.

ನಾಯಿಕೆಯು ಸಖಿಯನ್ನು ಕುರಿತು ‘ಅವನೇಕೆ ಬಾರನು?’ ಎಂದು ಕೇಳುವಳೆನ್ನಿ. ಗಾಯಕನು ಆ ಸಾಲನ್ನೇ ಮರಳಿ ಮರಳಿ ಹಾಡುವನು. ಮೊದಲ ಸಲ ಅದು ಕಾತರ. ಎರಡನೆಯ ಸಲ ಶಂಕೆ. ಮೂರನೆಯ ಸಲ ಕೋಪ. ಕೊನೆಗೆ ತನ್ನ ಮೇಲೆ ತನಗೇ ಕನಿಕರ. ಮಾತು ಬದಲಾಗಲಿಲ್ಲ, ಆದರೆ ಒಂದು ಕಥೆಯೇ ನಡೆದುಹೋಯಿತು. ಇದೇ ಸಂಚಾರಿಯ ಸಾಮರ್ಥ್ಯ.

ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನೃತ್ಯಕ್ಕೆ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟನು. 16ನೆಯ ಶತಮಾನದಲ್ಲಿ ಕನ್ನಡನಾಡಿನ ಪುಂಡರೀಕ ವಿಠ್ಠಲನು ಉತ್ತರದೇಶಕ್ಕೆ ಹೋಗಿ ನರ್ತನನಿರ್ಣಯವನ್ನು ರಚಿಸಿದನು. ಮೈಸೂರಿನ ಅರಮನೆಯಲ್ಲಿ ಜಟ್ಟಿ ಮನೆತನದ ತಾಯಮ್ಮನವರು (1857–1947) ಅಭಿನಯಕ್ಕೇ ಹೆಸರಾದರು. ಅವರ ಶಿಷ್ಯೆ, ಲಂಬಾಣಿ ಕುಲದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು (1906–2002) 1939ರಲ್ಲಿ ಆಸ್ಥಾನ ವಿದುಷಿಯಾದರು. 1992ರಲ್ಲಿ ಪದ್ಮಭೂಷಣವನ್ನು ಪಡೆದರು.

ಆದರೆ ಮಹನೀಯರೇ, ಇವರಂತೆ ಮನ್ನಣೆ ಪಡೆದವರು ಎಷ್ಟು ಮಂದಿ? ಗುಡಿಗಳಲ್ಲಿಯೂ ಆಸ್ಥಾನಗಳಲ್ಲಿಯೂ ತಲೆತಲಾಂತರದಿಂದ ಈ ವಿದ್ಯೆಯನ್ನು ಕಾಪಾಡಿದ ಸ್ತ್ರೀಯರ ಕಲೆಯನ್ನು ಸಮಾಜವು ಇರುಳಿನಲ್ಲಿ ಸವಿದು ಹಗಲಿನಲ್ಲಿ ಅವರನ್ನೇ ಹಳಿಯಿತು. ಮೈಸೂರು ಸರ್ಕಾರವು 1909ರಲ್ಲಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು; ಮದರಾಸಿನಲ್ಲಿ 1947ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಶಾಸನಗಳಾದುವು. ಹೆಣ್ಣುಮಕ್ಕಳನ್ನು ಮುಡಿಪಾಗಿಡುವ ಪದ್ಧತಿಯು ಅಳಿಯತಕ್ಕದ್ದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ತೊರೆದ ನಾವು ಆ ಸ್ತ್ರೀಯರ ವಿದ್ಯೆಯನ್ನು ಮಾತ್ರ ಮನೆಗೆ ಕರೆದುಕೊಂಡೆವು. ವಿದ್ಯಾವಂತೆಯರನ್ನು ಬಾಗಿಲಲ್ಲಿಯೇ ನಿಲ್ಲಿಸಿದೆವು. ಈ ಋಣವು ಇನ್ನೂ ತೀರಿಲ್ಲ.

ಇಂದು ಆ ವಿದ್ಯೆಗೇ ಸಂಕಟ ಒದಗಿರುವುದು. ದೊಡ್ಡ ಸಭಾಭವನದ ಹಿಂದಿನ ಸಾಲಿಗೆ ಹುಬ್ಬಿನ ಚಲನೆ ಕಾಣುವುದೇ? ಅರ್ಧ ಗಂಟೆಯ ಅವಧಿಯಲ್ಲಿ ಸಂಚಾರಿಗೆ ಎಡೆಯೆಲ್ಲಿ? ಕ್ಷೇತ್ರಯ್ಯನ ತೆಲುಗು ಪದವನ್ನೋ ಜಯದೇವನ ಸಂಸ್ಕೃತ ಅಷ್ಟಪದಿಯನ್ನೋ ಅರ್ಥವರಿಯದೆ ಅಭಿನಯಿಸಿದರೆ ಕೈಗಳು ನಿಘಂಟನ್ನು ಒಪ್ಪಿಸುವುವೇ ಹೊರತು ಮನಸ್ಸು ಮಾತನಾಡುವುದಿಲ್ಲ.

ಆದುದರಿಂದ ನಾವು ನಾಲ್ಕು ಬಿನ್ನಹಗಳನ್ನು ನಿಮ್ಮ ಮುಂದಿಡುತ್ತೇವೆ. ಹಸ್ತಗಳನ್ನು ಕಲಿಸುವ ಮುನ್ನ ಗುರುಗಳು ಸಾಹಿತ್ಯದ ಅರ್ಥವನ್ನು ಕಲಿಸಲಿ. ದಾಸರ ಪದಗಳಿಗೂ ಶರಣರ ವಚನಗಳಿಗೂ ಅಭಿನಯದಲ್ಲಿ ಹೆಚ್ಚಿನ ಅವಕಾಶ ದೊರೆಯಲಿ. ಊರೂರಲ್ಲಿ ಐವತ್ತು ಜನ ಹತ್ತಿರ ಕುಳಿತು ನೋಡುವಂತಹ ಚಿಕ್ಕ ಕೂಟಗಳು ನಡೆಯಲಿ. ನಾಲ್ಕನೆಯದಾಗಿ, ಹಳೆಯ ಪದವೊಂದನ್ನು ಪ್ರದರ್ಶಿಸುವಾಗ ಅದು ಯಾವ ಸ್ತ್ರೀಯ ಪರಂಪರೆಯಿಂದ ಬಂದಿತೋ ಆಕೆಯ ಹೆಸರನ್ನು ತುಂಬಿದ ಸಭೆಯಲ್ಲಿ ಗೌರವದಿಂದ ಹೇಳಲಿ.

ಇವಕ್ಕೆ ರಾಜಾಶ್ರಯವೂ ಬೇಡ, ಹಣದ ರಾಶಿಯೂ ಬೇಡ. ನಮ್ಮಲ್ಲಿ ಸಹೃದಯತೆಯೂ ಕೃತಜ್ಞತೆಯೂ ಇದ್ದರೆ ಸಾಕು.