ಕಾಯಿಲೆಯನ್ನು ಮುಚ್ಚಿಟ್ಟು ಕೆಲಸಕ್ಕೆ ಹೋದವರು

(ಬಸವನ ಬಾಗೇವಾಡಿಯಲ್ಲಿ ನೌಕರರ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೊರೋನಾದ ಕುರಿತು ಈಗೇಕೆ ಮಾತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದರ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ಸಾರಿತು. ನಾವೂ ಮಾಸ್ಕ್ ಕಳಚಿಟ್ಟು ಎಲ್ಲವನ್ನೂ ಮರೆತೆವು. ಆದರೆ ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎದ್ದ ಒಂದು ಪ್ರಶ್ನೆ ಇಂದಿಗೂ ಹಾಗೆಯೇ ಉಳಿದಿದೆ. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವ ನೌಕರನೊಬ್ಬ, ಸಾಂಕ್ರಾಮಿಕದ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿದರೆ ಅದು ಹಕ್ಕೋ, ಭಿಕ್ಷೆಯೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ತಾಲೂಕುಗಳ ಪೈಕಿ ಒಂದರಲ್ಲಿ ನಮ್ಮ ಪರಿಚಿತರೊಬ್ಬರು ಕಚೇರಿಯೊಂದರಲ್ಲಿ ಹೊರಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದರು. ಮೂತ್ರಪಿಂಡದ ಚಿಕಿತ್ಸೆಯಲ್ಲಿದ್ದರು. 2020ರಲ್ಲಿ ವೈದ್ಯರ ಚೀಟಿ ಹಿಡಿದು ಮೇಲಧಿಕಾರಿಯ ಬಳಿಗೆ ಹೋದರು. 'ಬರಲಾಗದಿದ್ದರೆ ಬಿಡಿ, ಬೇರೆಯವರು ಸಿಗುತ್ತಾರೆ' ಎಂಬ ಉತ್ತರ ಬಂತು. ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮರುದಿನ ಕೆಲಸಕ್ಕೆ ಹೋದರು. ಆ ಬಳಿಕ ತಮ್ಮ ಕಾಯಿಲೆಯ ಬಗ್ಗೆ ಅವರು ಕಚೇರಿಯಲ್ಲಿ ಬಾಯಿಬಿಡಲಿಲ್ಲ. ಅಲ್ಲಾಹನ ಕೃಪೆಯಿಂದ ಅವರು ಬದುಕುಳಿದರು. ಆದರೆ ಕೇಳಿದರೆ ಕೆಲಸ ಹೋಗುತ್ತದೆ ಎಂಬ ಭಯವಿರುವಲ್ಲಿ ಮನುಷ್ಯನು ಕಾಯಿಲೆಯನ್ನು ಮುಚ್ಚಿಡುತ್ತಾನೆ ಎಂಬ ಪಾಠವನ್ನು ಅವರ ಜೀವನ ನಮಗೆ ಕಲಿಸಿತು. ಮುಚ್ಚಿಟ್ಟ ಕಾಯಿಲೆ ಅವನಿಗೂ ಅಪಾಯ, ಅವನ ಮನೆಗೂ ಅಪಾಯ.

ಸರಕಾರಕ್ಕೆ ಇದು ತಿಳಿದಿರಲಿಲ್ಲವೇ? ತಿಳಿದಿತ್ತು. 65 ವರ್ಷ ಮೀರಿದವರು, ದೀರ್ಘಕಾಲಿಕ ಕಾಯಿಲೆಯುಳ್ಳವರು, ಗರ್ಭಿಣಿಯರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಎಂದು ಕೇಂದ್ರ ಗೃಹ ಸಚಿವಾಲಯವು 2020ರ ಮೇ ತಿಂಗಳ ಆರಂಭದಲ್ಲಿ ಆದೇಶಿಸಿತ್ತು. ಅದೇ ಮೇ 30ರ ಆದೇಶದಲ್ಲಿ ಅದು ಬರಿಯ ಸಲಹೆಯಾಯಿತು. ತಿಂಗಳೊಳಗೆ ಅಪ್ಪಣೆಯು ಬುದ್ಧಿವಾದವಾಗಿ ಬದಲಾಯಿತು! ಮೇ 19ರಂದು ಕೇಂದ್ರ ಸಿಬ್ಬಂದಿ ಇಲಾಖೆಯು ತನ್ನ ನೌಕರರ ಪೈಕಿ ಕಾಯಿಲೆಯುಳ್ಳವರನ್ನು ಸಾಧ್ಯವಾದಷ್ಟು ಮಟ್ಟಿಗೆ ಸರದಿ ಹಾಜರಾತಿಯಿಂದ ಬಿಡಬಹುದೆಂದು ಹೇಳಿತು. ವೈದ್ಯರ ಚೀಟಿ ಸಾಕಿತ್ತು. ಒಳ್ಳೆಯ ಕ್ರಮವೇ. ಆದರೆ ಅದು ಕೇಂದ್ರದ ನೌಕರರಿಗಾಯಿತು. ತಾಲೂಕು ಕೇಂದ್ರದ ಗುತ್ತಿಗೆ ನೌಕರನಿಗೆ ಅದರಿಂದ ಏನು ಬಂತು?

ಶಿಕ್ಷಕರ ಸ್ಥಿತಿಯನ್ನು ನೋಡಿರಿ. 2020ರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಶಿಕ್ಷಕರು, ಮಕ್ಕಳು ಸೋಂಕಿಗೆ ಒಳಗಾದ ಕೂಗೆದ್ದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯತ್ ಚುನಾವಣೆ. 2021ರ ಎಪ್ರಿಲ್ 17ರಂದು, ಎರಡನೇ ಅಲೆಯು ಏರುತ್ತಿದ್ದಾಗ, ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಉಪಚುನಾವಣೆ. ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರು ಮೃತಪಟ್ಟ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. ಅವರಲ್ಲಿ ಎಷ್ಟು ಮಂದಿ ವಿನಾಯಿತಿ ಕೇಳಲು ಹೆದರಿದ್ದರೋ ಅಲ್ಲಾಹನೇ ಬಲ್ಲ.

ಕಾನೂನೂ ಅರೆಬರೆಯಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಸರಕಾರಿ ಸಂಸ್ಥೆಗಳಲ್ಲಿ ಅವರಿಗೆ ಸೂಕ್ತ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆದರೆ ಅದರ 21 ಬಗೆಗಳಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲ, ಹೃದ್ರೋಗವೂ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಮನೆಯಿಂದ ಕೆಲಸದ ಪ್ರಸ್ತಾಪವಿತ್ತು. ಆದರೆ ಅದು ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪ ಒಪ್ಪಿದರೆ, ಮಾಲಕನೂ ಒಪ್ಪಿದರೆ ಮಾತ್ರ.

ಇಲ್ಲೊಂದು ಆಕ್ಷೇಪವಿದೆ. ಇಂಡಿಯ ಲಿಂಬೆ ಮಾರುಕಟ್ಟೆಯ ಹಮಾಲನು ಮನೆಯಲ್ಲಿ ಕುಳಿತು ಮೂಟೆ ಹೊರಲು ಸಾಧ್ಯವೇ? ಇಲ್ಲ. ಬಸ್ ಚಾಲಕನಿಗೆ, ಆಶಾ ಕಾರ್ಯಕರ್ತೆಗೆ, ಹೊಟೇಲಿನ ಮಾಣಿಗೆ ಮನೆಯಿಂದ ಕೆಲಸ ಎಂಬ ಮಾತೇ ಅಪರಿಚಿತ. ಆದರೆ ಎಲ್ಲರಿಗೂ ಸಾಧ್ಯವಿಲ್ಲವೆಂಬ ಕಾರಣಕ್ಕೆ ಸಾಧ್ಯವಿರುವವರಿಗೂ ನಿರಾಕರಿಸುವುದು ನ್ಯಾಯವಲ್ಲ. ಮನೆಯಿಂದ ಮಾಡಲಾಗದ ಕೆಲಸದಲ್ಲಿರುವವನಿಗೆ ಜನಸಂದಣಿಯಿಲ್ಲದ ಜಾಗ ಕೊಡಬಹುದು; ಅದೂ ಆಗದಿದ್ದರೆ ಕೂಲಿ ಕಡಿಯದೆ ರಜೆ ಕೊಡಬಹುದು.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ನಮ್ಮ ಅಂಗಡಿಗಳಲ್ಲಿ ವಯಸ್ಸಾದ ಗುಮಾಸ್ತರಿಲ್ಲವೇ? ನಮ್ಮವರೇ ನಡೆಸುವ ಶಾಲೆಗಳಲ್ಲಿ ಉಬ್ಬಸವಿರುವ ಶಿಕ್ಷಕಿಯರಿಲ್ಲವೇ? ಮಸೀದಿಯ ಮುಅಝ್ಝಿನ್‌ಗೆ ಸಕ್ಕರೆ ಕಾಯಿಲೆಯಿದೆಯೇ ಎಂದು ನಮ್ಮ ಜಮಾಅತ್ ಕಮಿಟಿಗಳು ಎಂದಾದರೂ ವಿಚಾರಿಸಿವೆಯೇ? ರೋಗಿಗೆ ಉಪವಾಸದಿಂದ ವಿನಾಯಿತಿಯಿದೆ. ಅದನ್ನು ಬಳಸಿಕೊಂಡವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಆರಾಧನೆಯಲ್ಲೇ ರೋಗಿಗೆ ಈ ಸ್ಥಾನವಿರುವಾಗ ಹಾಜರಿ ಪುಸ್ತಕದಲ್ಲಿ ಅದೇಕೆ ಇರಬಾರದು?

ಆದ್ದರಿಂದ ನಮ್ಮ ಬೇಡಿಕೆ ಸರಳವಾದುದು. ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ನಿಯಮವು ಲಿಖಿತವಾಗಿರಲಿ. ವೈದ್ಯರ ಪ್ರಮಾಣಪತ್ರವೇ ಸಾಕಾಗಲಿ, ಅದು ಗುಟ್ಟಾಗಿ ಉಳಿಯಲಿ. ಗುತ್ತಿಗೆ ನೌಕರನಿಗೂ ಅದು ಅನ್ವಯಿಸಲಿ. ಇದನ್ನು ಸರಕಾರದ ಮುಂದಿಡುವ ಮೊದಲು ನಮ್ಮ ಅಂಗಡಿ, ಶಾಲೆ, ಮಸೀದಿಗಳಲ್ಲಿ ನಾವೇ ಜಾರಿಗೆ ತರೋಣ. ಜೇಬಿನಲ್ಲಿ ಅಡಗಿಸಿಟ್ಟ ಆ ಚೀಟಿಯನ್ನು ಇನ್ನು ಮುಂದೆ ಯಾರೂ ಅಡಗಿಸಬೇಕಾದ ಸ್ಥಿತಿ ಬಾರದಿರಲಿ.