ಅರಸನ ಅಪರಾಧಕ್ಕೆ ನ್ಯಾಯಾಧಿಪತಿ ಯಾರು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯವರಿಗೆ ಕಾರ್ತವೀರ್ಯಾರ್ಜುನನ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಅರಸನು ಜಮದಗ್ನಿಯ ಧೇನುವನ್ನು ಬಲಾತ್ಕಾರದಿಂದ ಅಪಹರಿಸಿದನು. ಪರಶುರಾಮನು ಅವನನ್ನು ಸಂಹರಿಸಿದನು. ಆ ಯುದ್ಧದ ಕೋಲಾಹಲದಿಂದಲೇ ಕೋಲಾರಕ್ಕೆ ಕೋಲಾಹಲಪುರವೆಂಬ ಹೆಸರು ಬಂದಿತೆಂದು ಸ್ಥಳಪುರಾಣವು ಹೇಳುತ್ತದೆ. ಅರಸನೂ ಅಪರಾಧಿಯಾಗಬಲ್ಲನು, ಅವನಿಗೂ ದಂಡನೆಯುಂಟು ಎಂಬ ಭಾವನೆ ನಮ್ಮಲ್ಲಿ ಹಳೆಯದು. ಆದರೆ ಈ ಕಥೆಯಲ್ಲಿ ವಿಚಾರಣೆಯಿಲ್ಲ. ನೊಂದವನ ಮಗನೇ ದಂಡಧರನಾದನು; ಅವನ ಕೊಡಲಿಯು ತಪ್ಪಿತಸ್ಥನಲ್ಲಿಗೆ ನಿಲ್ಲದೆ ಇಪ್ಪತ್ತೊಂದು ಬಾರಿ ಕ್ಷತ್ರಿಯಕುಲವನ್ನೇ ಅರಸಿಕೊಂಡು ಹೋಯಿತು. ಸೇಡಿಗೂ ನ್ಯಾಯಕ್ಕೂ ಇರುವ ಅಂತರವಿದು.

ಸಿಂಹಾಸನದಲ್ಲಿರುವವನನ್ನು ಪೀಠದ ಮುಂದೆ ನಿಲ್ಲಿಸಿದ ಉದಾಹರಣೆಯೊಂದು ನಮ್ಮ ದೇಶದಲ್ಲಿಯೇ ಉಂಟು. ಬರೋಡೆಯ ಮಲ್ಹಾರರಾವ್ ಗಾಯಕವಾಡನು ರೆಸಿಡೆಂಟ್ ಕರ್ನಲ್ ಫೇರ್‌ಗೆ ವಿಷವಿಕ್ಕಿಸಲು ಯತ್ನಿಸಿದನೆಂದು ಆರೋಪ ಬಂದಿತು. 1875ರಲ್ಲಿ ಆರು ಮಂದಿಯ ಕಮಿಷನ್ನು ವಿಚಾರಣೆ ನಡೆಸಿತು. ಮೈಸೂರಿನ ಚೀಫ್ ಕಮಿಷನರಾಗಿದ್ದ ಸರ್ ರಿಚರ್ಡ್ ಮೀಡ್ ಅದರಲ್ಲೊಬ್ಬರು. ಗ್ವಾಲಿಯರ್ ಮತ್ತು ಜಯಪುರದ ಮಹಾರಾಜರೂ ಸರ್ ದಿನಕರರಾಯರೂ ಇದ್ದರು. ಮೂವರು ಆಂಗ್ಲರು ಅಪರಾಧಿಯೆಂದರು. ಮೂವರು ಭಾರತೀಯರು ಒಪ್ಪಲಿಲ್ಲ. ಆದರೂ ದುರಾಡಳಿತದ ಕಾರಣವನ್ನು ಮುಂದಿಟ್ಟು ಸರಕಾರವು ಅವನನ್ನು ಪದಚ್ಯುತಗೊಳಿಸಿ ಮದರಾಸಿಗೆ ಕಳುಹಿಸಿತು. ಅವನು ಸಾಧುವೆಂದು ನಾವು ವಾದಿಸುವುದಿಲ್ಲ. ದೂರು ತಂದವರೇ ಪೀಠವನ್ನು ನೇಮಿಸಿ, ಪೀಠವು ಇಬ್ಭಾಗವಾದಾಗಲೂ ತಮ್ಮ ಇಚ್ಛೆಯನ್ನೇ ನಡೆಸಿದರೆ ಅದನ್ನು ನ್ಯಾಯವೆನ್ನುವುದು ಕಷ್ಟ.

ಯುರೋಪಿನಲ್ಲಿಯೂ ಇದೇ ತೊಡಕು. 1919ರ ವರ್ಸೇಲ್ಸ್ ಕೌಲಿನ 227ನೆಯ ವಿಧಿಯು ಜರ್ಮನಿಯ ಕೈಸರನನ್ನು ಐವರು ನ್ಯಾಯಾಧೀಶರ ಮುಂದೆ ವಿಚಾರಿಸಬೇಕೆಂದಿತು. ಆಶ್ರಯವಿತ್ತ ಹಾಲೆಂಡ್ ಅವನನ್ನು ಒಪ್ಪಿಸಲಿಲ್ಲ. 1945ರ ನ್ಯೂರೆಂಬರ್ಗ್ ಶಾಸನವು, ರಾಷ್ಟ್ರಾಧಿಪತಿಯೆಂಬ ಪದವಿ ಅಪರಾಧದ ಹೊಣೆಯನ್ನು ಕಳೆಯಲಾರದೆಂದು ಸ್ಪಷ್ಟಪಡಿಸಿತು. ಆದರೆ ಟೋಕಿಯೋ ವಿಚಾರಣೆಯಲ್ಲಿ ಜಪಾನಿನ ಚಕ್ರವರ್ತಿಯನ್ನು ಕಟಕಟೆಗೆ ತರಲೇ ಇಲ್ಲ. ಅಲ್ಲಿ ಕುಳಿತ ಭಾರತದ ನ್ಯಾಯಮೂರ್ತಿ ರಾಧಾಬಿನೋದ ಪಾಲರು 1948ರಲ್ಲಿ ಭಿನ್ನಮತವನ್ನು ಬರೆದು, ಗೆದ್ದವರು ಸೋತವರನ್ನು ವಿಚಾರಿಸುವ ಆ ಕ್ರಮವನ್ನೇ ಪ್ರಶ್ನಿಸಿದರು.

ಅನಂತರದ ಹಾದಿ ನಿಧಾನವಾದರೂ ಮುಂದಕ್ಕೇ ಸಾಗಿದೆ. 1998ರಲ್ಲಿ ರೋಮಿನಲ್ಲಿ ಒಪ್ಪಿದ ಶಾಸನದಂತೆ ಹೇಗ್ ನಗರದಲ್ಲಿ ಶಾಶ್ವತವಾದ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಸ್ಥಾಪಿತವಾಯಿತು; ಅದರ 27ನೆಯ ವಿಧಿಗೆ ಪದವಿಯ ಕವಚವೇ ಇಲ್ಲ. ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯವು ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷಗಳ ಸೆರೆ ವಿಧಿಸಿತು. ಆದರೆ ಹೇಗ್‌ನ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ. 2009ರಲ್ಲಿ ವಾರಂಟು ಪಡೆದ ಸೂಡಾನಿನ ಅಧ್ಯಕ್ಷ ಬಷೀರನು 2015ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ ನಿರಾತಂಕವಾಗಿ ಹಿಂದಿರುಗಿದನು.

ಭಾರತವು ಈ ನ್ಯಾಯಾಲಯಕ್ಕೆ ಸೇರಿಲ್ಲ. ಭದ್ರತಾ ಸಮಿತಿಗೆ ಅದರಲ್ಲಿ ಕೊಟ್ಟ ಅಧಿಕಾರವು ನಮ್ಮ ಪ್ರತಿನಿಧಿಗಳ ಆಕ್ಷೇಪಗಳಲ್ಲೊಂದು. ಸಮಿತಿಯ ಐದು ಶಾಶ್ವತ ಸದಸ್ಯರಾಷ್ಟ್ರಗಳಲ್ಲಿ ಅಮೆರಿಕ, ರಷ್ಯ, ಚೀನಗಳು ತಾವು ನ್ಯಾಯಾಲಯಕ್ಕೆ ಸೇರದೆಯೇ ಇತರರನ್ನು ಅಲ್ಲಿಗೆ ಕಳುಹಿಸಬಲ್ಲವು. ಬರೋಡೆಯನ್ನು ನೆನೆಯುವವರಿಗೆ ಈ ಆಕ್ಷೇಪದ ತೂಕ ತಿಳಿಯುತ್ತದೆ. ಆದರೆ ಆಕ್ಷೇಪವು ಸರಿಯಾಗಿದ್ದ ಮಾತ್ರಕ್ಕೆ ಹತರಾದವರ ದೂರು ಸುಳ್ಳಾಗುವುದಿಲ್ಲ.

ನಮ್ಮ ಸಂವಿಧಾನದ 361ನೆಯ ವಿಧಿ ಇಲ್ಲಿ ವಿವೇಕದ ಸೂಚನೆಯೊಂದನ್ನು ಕೊಡುತ್ತದೆ. ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕ್ರಿಮಿನಲ್ ಮೊಕದ್ದಮೆಯಿಂದ ಅದು ಕೊಡುವ ರಕ್ಷಣೆ ಅಧಿಕಾರಾವಧಿಗೆ ಮಾತ್ರ. ಕವಚವಿರುವುದು ಪೀಠಕ್ಕೆ, ಇಳಿದು ಬಂದ ಮನುಷ್ಯನು ಅದನ್ನು ಮನೆಗೆ ಒಯ್ಯಲಾರನು. ಈ ನಿಯಮವನ್ನು ಲೋಕವೆಲ್ಲ ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಅರಸನನ್ನು ವಿಚಾರಿಸುವ ಪೀಠವು ಅರಸನಿಗಿಂತ ಬಲವುಳ್ಳದ್ದಾದರೆ ಸಾಲದು. ಅದನ್ನು ಸ್ಥಾಪಿಸಿದವರೂ ಅದರ ಮುಂದೆ ನಿಲ್ಲಲು ಸಿದ್ಧರಿರಬೇಕು.