ರವೆ ಡಬ್ಬಿಗೆ ಬಂದ ಕಾಡುಹುಳ

ಬೆಂಗಳೂರಿನ ಕತ್ರಿಗುಪ್ಪೆಯ ಅಡುಗೆಮನೆಗಳಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ರವೆಯನ್ನು ಜರಡಿ ಹಿಡಿದರೆ ಮೂರು-ನಾಲ್ಕು ಮಿಲಿಮೀಟರ್ ಉದ್ದದ ಕೆಂಗಂದು ದುಂಬಿಗಳು ಹರಿದಾಡುವುದುಂಟು. ‘ಹುಳ ಬಿದ್ದಿದೆ’ ಎಂದು ಬಿಸಿಲಿಗೆ ಹರಡುತ್ತೇವೆ, ಹೆಚ್ಚಾಗಿದ್ದರೆ ಚೆಲ್ಲುತ್ತೇವೆ. ಇದು ಟ್ರೈಬೋಲಿಯಂ ಕ್ಯಾಸ್ಟೇನಿಯಂ; 2008ರಲ್ಲಿ ಜೀನೋಮ್ ಪ್ರಕಟವಾದ ಮೊದಲ ದುಂಬಿ. ಇದು ಸೇರಿದ, ಕತ್ತಲನ್ನು ಅರಸುವುದರಿಂದಲೇ ಹೆಸರು ಪಡೆದ ಟೆನೆಬ್ರಿಯೊನಿಡೇ ಕುಟುಂಬದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಬಹಳಷ್ಟು, ನಮ್ಮ ಘಟ್ಟದ ಕಾಡಿನವೂ ಸೇರಿ, ಲಡ್ಡು ಹಿಡಿದ ಮರದಲ್ಲಿ, ಸತ್ತ ತೊಗಟೆಯಡಿಯಲ್ಲಿ, ಅಣಬೆಯ ಮೇಲೆ ಬಾಳುತ್ತವೆ. ಡಬ್ಬಿಯ ಹುಳವೂ ಅಲ್ಲಿಂದಲೇ ಬಂದದ್ದು ಎಂಬುದು ನನ್ನ ವಾದ.

ಮನುಷ್ಯ ಧಾನ್ಯ ಕೂಡಿಡಲು ಕಲಿತು ಹತ್ತು ಸಾವಿರ ವರ್ಷಗಳ ಆಸುಪಾಸು. ದುಂಬಿಯ ವಂಶ ಅದಕ್ಕಿಂತ ಎಷ್ಟೋ ಹಳೆಯದು. ಹಾಗಾದರೆ ಅದಕ್ಕೂ ಮೊದಲು ಇದರ ಊಟವೇನು? ಸುಳಿವು ಅದರ ಮೈಯಲ್ಲೇ ಇದೆ. ಹುಳ ವಿಪರೀತವಾದ ಹಿಟ್ಟನ್ನು ಮೂಸಿ ನೋಡಿ, ಒಂದು ಬಗೆಯ ಘಾಟು ಮೂಗಿಗೆ ಬಡಿಯುತ್ತದೆ, ಹಿಟ್ಟಿನ ಬಣ್ಣವೂ ನಸುಗೆಂಪಾಗಿರುತ್ತದೆ. ದುಂಬಿ ಮೈಯಿಂದ ಸೂಸುವ ಕ್ವಿನೋನ್ ಎಂಬ ರಾಸಾಯನಿಕದ ಕೆಲಸವದು. ಮುಚ್ಚಿದ ಡಬ್ಬಿಯಲ್ಲಿ ಯಾರ ಭಯಕ್ಕೆ ಈ ವಿಷ? ಇರುವೆ, ಬೂಷ್ಟು ತುಂಬಿದ ತೊಗಟೆಯಡಿಯಲ್ಲಾದರೆ ಅದಕ್ಕೆ ಅರ್ಥವಿದೆ. ಇನ್ನು ನೀರಿನ ವಿಚಾರ. ಇದರ ವಿಸರ್ಜನಾ ನಾಳಗಳ ತುದಿ ಗುದನಾಳಕ್ಕೆ ಅಂಟಿಕೊಂಡಿದ್ದು, ಹಿಕ್ಕೆಯಲ್ಲಿರುವ ತೇವವನ್ನೂ ಹೀರಿ ಉಳಿಸಿಕೊಳ್ಳುತ್ತದೆ. ಮರುಭೂಮಿಯ ಬಂಧುಗಳಲ್ಲೂ ಇದೇ ಏರ್ಪಾಡು ಇರುವುದರಿಂದ ಇದು ಅಡುಗೆಮನೆಯಲ್ಲಿ ಕಲಿತ ವಿದ್ಯೆಯಾಗಿರಲಾರದು. ಒಣ ಹಿಟ್ಟಿನಲ್ಲಿ ಬದುಕುವ ಬಂಡವಾಳ ಮೊದಲೇ ಕೈಯಲ್ಲಿತ್ತು, ಅಷ್ಟೇ. ಇದರ ಹತ್ತಿರದ ನೆಂಟರು ಇಂದಿಗೂ ತೊಗಟೆಯಡಿಯಲ್ಲಿ ಸಿಗುತ್ತಾರೆ.

ಮರದ ಹುಳ ಎಂದರೆ ಬಾಗಿಲ ಚೌಕಟ್ಟು ಯಾಕೆ ತಿನ್ನುವುದಿಲ್ಲ ಎಂದು ನೀವು ಕೇಳಬಹುದು. ಗಟ್ಟಿ ಮರ ಕೊರೆಯುವುದು ಗೆದ್ದಲು, ಕುಟ್ಟೆಹುಳದಂಥವುಗಳ ಕಸುಬು. ಈ ಕುಟುಂಬದ ಕಾಡುದುಂಬಿಗಳು ಸಾಮಾನ್ಯವಾಗಿ ಶಿಲೀಂಧ್ರ ಮೆತ್ತಗೆ ಮಾಡಿಟ್ಟ ಮರಕ್ಕೇ ಬಾಯಿ ಹಾಕುತ್ತವೆ. ಅವುಗಳ ಹಲ್ಲಿಗೆ ಸಿಕ್ಕ ಮರ ಪುಡಿಯಾಗಿ ಮಣ್ಣು ಸೇರುತ್ತದೆ. ಹಾಗಾಗಿ ನಗರದಂಚಿನ ತುರಹಳ್ಳಿ ಕಾಡಿನಲ್ಲಿ ಬಿದ್ದ ಮರವನ್ನು ಹುಳದ ಭಯಕ್ಕೆ ಎತ್ತಿಸಬೇಕಾಗಿಲ್ಲ. ರಸ್ತೆಗೆ ಉರುಳಿದ ಮರದ ಮಾತು ಬೇರೆ, ಅದನ್ನು ತೆಗೆಯಲೇಬೇಕು. ಕಾಡಿನ ದಿಮ್ಮಿ ಬಿದ್ದಲ್ಲೇ ಇರಲಿ. ಬಿಗಿ ಮುಚ್ಚಳ ಬೇಕಿರುವುದು ರವೆ ಡಬ್ಬಿಗೆ.